ಆಂಪ್ ಹೋಯ್ತು ಅನ್ನುವ ಮೊದಲು

ಕೇಳುಗರಿಗೆ ನಮಸ್ಕಾರ.

ಕಾರಿನ ಡಿಕ್ಕಿಯಲ್ಲಿ ಬೇಸ್ ದನಿಗೆಂದೇ ಇರುವ ಒಂದು ದೊಡ್ಡ ಸ್ಪೀಕರ್, ಅಂದರೆ ಸಬ್‌ವೂಫರ್; ಪಕ್ಕದಲ್ಲೇ ಅದಕ್ಕೆ ಬಲ ಕೊಡುವ ಒಂದು ಆಂಪ್ಲಿಫೈಯರ್. ನಿನ್ನೆವರೆಗೂ ಗುಡುಗುತ್ತಿತ್ತು, ಇವತ್ತು ಸದ್ದೇ ಇಲ್ಲ. ಇಲ್ಲವೇ ಇನ್ನೂ ತಲೆ ತಿನ್ನುವಂಥದ್ದು: ಸಣ್ಣ ದನಿಯಲ್ಲಿ ಚೆನ್ನಾಗಿ ಹಾಡುತ್ತದೆ, ವಾಲ್ಯೂಮ್ ಏರಿಸಿದರೆ ಎರಡು ಸಲ ಧಂ ಧಂ ಅಂದು ಸುಮ್ಮನಾಗುತ್ತದೆ. ಆಗ ನಮ್ಮೆಲ್ಲರ ಬಾಯಲ್ಲೂ ಬರುವ ಮಾತು ಒಂದೇ. "ಆಂಪ್ ಹೋಯ್ತು."

ಹಾಗೆ ಹೋಯ್ತು ಅನ್ನಿಸಿಕೊಂಡ ಆಂಪ್‌ಗಳಲ್ಲಿ ಎಷ್ಟೋ ನಿಜಕ್ಕೂ ಹೋಗಿರುವುದಿಲ್ಲ. ಅವುಗಳ ಹೊಟ್ಟೆಗೆ ಸಾಕಷ್ಟು ಕರೆಂಟು ಸಿಗುತ್ತಿರುವುದಿಲ್ಲ, ಅಷ್ಟೇ. ನಾನೇ ಒಮ್ಮೆ ಚೆನ್ನಾಗಿದ್ದ ಆಂಪನ್ನು ಕಿತ್ತಿಟ್ಟು, ಹೊಸದು ತಂದು ಹಾಕಿ, ಅದೂ ಹಾಗೇ ಮಾಡಿದಾಗ ಪೆಚ್ಚಾಗಿ ಕೂತವನು. ಆ ಕತೆಗೆ ಆಮೇಲೆ ಬರುತ್ತೇನೆ.

ಕೈಯಲ್ಲಿ ಒಂದು ಮಲ್ಟಿಮೀಟರ್ ಇರಲಿ. ಅತಿ ಅಗ್ಗದ್ದಾದರೂ ಸಾಕು. ಅದಿಲ್ಲದೆ ಈ ಕೆಲಸಕ್ಕೆ ಇಳಿಯುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ. ಇನ್ನೊಂದು ಮಾತು: ವೈರ್ ಬಿಚ್ಚುವ, ಕಟ್ಟುವ ಕೆಲಸವಿದ್ದರೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಕೆಂಪು ವೈರ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಅದೂ ಕಾದು ಹೋಗುತ್ತದೆ.

ಈಗ ಆಂಪಿನ ದೀಪ ನೋಡಿ. ದೀಪವೇ ಇಲ್ಲ ಅನ್ನಿ. ಆಂಪಿಗೆ ಏಳಲು ಮೂರು ವೈರ್ ಬೇಕು. ಬ್ಯಾಟರಿಯಿಂದ ಬರುವ ದಪ್ಪ ಕೆಂಪು ವೈರ್, ಕಾರಿನ ಮೈಗೆ ಬಿಗಿದಿರುವ ಅಷ್ಟೇ ದಪ್ಪದ ಗ್ರೌಂಡ್ ವೈರ್, ಆಂಪನ್ನು ಎಬ್ಬಿಸಲು ಸ್ಟೀರಿಯೋದಿಂದ ಬರುವ ಸಣ್ಣ ರಿಮೋಟ್ ವೈರ್. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಆಂಪಿನ ಗ್ರೌಂಡಿಗೆ, ಕೆಂಪು ಕಡ್ಡಿ ಪವರ್ ತಿರುಪಿಗೆ. ಎಂಜಿನ್ ನಿಂತಿದ್ದರೆ ಸುಮಾರು 12.6 ಬರಬೇಕು, ಓಡುತ್ತಿದ್ದರೆ 13.8ರಿಂದ 14.4. ಸೊನ್ನೆ ಬಂದರೆ ಬ್ಯಾಟರಿ ಹತ್ತಿರದ ಫ್ಯೂಸಿಗೆ ಹೋಗಿ. ಫ್ಯೂಸನ್ನು ಕಣ್ಣಲ್ಲಿ ನೋಡಿ ನಂಬಬೇಡಿ. ಫ್ಯೂಸ್ ಚೆನ್ನಾಗಿದ್ದು, ಅದು ಕೂರುವ ಜಾಗ ಪಾಚಿ ಹಿಡಿದ ಹಾಗೆ ಹಸಿರಾಗಿರುವುದೂ ಉಂಟು. ಎರಡೂ ಬದಿಯಲ್ಲಿ ವೋಲ್ಟ್ ಇದೆಯಾ ನೋಡಿ.

ಪವರ್ ಸರಿ ಇದೆ, ಆದರೂ ಆಂಪ್ ಏಳುತ್ತಿಲ್ಲ ಅಂದರೆ ರಿಮೋಟ್ ನೋಡಿ. ಸ್ಟೀರಿಯೋ ಹಾಕಿದಾಗ ಅಲ್ಲೂ 12 ವೋಲ್ಟ್ ಬರಬೇಕು. ಬಾರದಿದ್ದರೆ ಆ ವೈರನ್ನು ಬಿಚ್ಚಿ, ಒಂದು ತುಂಡು ವೈರಿನಲ್ಲಿ ಪವರ್ ತಿರುಪಿನಿಂದ ರಿಮೋಟ್ ತಿರುಪಿಗೆ ಒಂದು ಕ್ಷಣ ಮುಟ್ಟಿಸಿ. ಗ್ರೌಂಡಿಗೆ ತಾಗದಂತೆ ಜೋಪಾನ. ದೀಪ ಹತ್ತಿತಾ? ಹಾಗಾದರೆ ಆಂಪ್ ಜೀವಂತವಾಗಿದೆ. ಅದನ್ನು ಎಬ್ಬಿಸುವವರು ಇರಲಿಲ್ಲ ಅಷ್ಟೇ.

ದೀಪ ಕೆಂಪಾಗಿದ್ದರೆ ಆಂಪ್ ಪ್ರೊಟೆಕ್ಟ್‌ಗೆ ಹೋಗಿದೆ ಎಂದು ಅರ್ಥ. ಅಂದರೆ ಏನೋ ಕಂಡು ಹೆದರಿ ಬಾಗಿಲು ಹಾಕಿಕೊಂಡಿದೆ. ಆಗ ಸ್ಪೀಕರ್ ವೈರ್, ಸ್ಟೀರಿಯೋದಿಂದ ಹಾಡು ಹೊತ್ತು ತರುವ ಆರ್‌ಸಿಎ ವೈರ್ ಎಲ್ಲ ಕಿತ್ತು ಬಿಡಿ. ಮೊದಲು ಹೇಳಿದ ಮೂರು ವೈರ್ ಮಾತ್ರ ಇರಲಿ. ಆಗಲೂ ಕೆಂಪು ಹೋಗದಿದ್ದರೆ, ವೋಲ್ಟೂ ಸರಿ ಇದ್ದರೆ, ಆಂಪ್ ಒಳಗೇ ಸುಟ್ಟಿರುವ ಸಾಧ್ಯತೆ ಜಾಸ್ತಿ. ಕೆಂಪು ಹೋದರೆ ಕಿತ್ತದ್ದನ್ನು ಒಂದೊಂದಾಗಿ ಸೇರಿಸುತ್ತಾ ಬನ್ನಿ. ಯಾವುದನ್ನು ಸೇರಿಸಿದಾಗ ಮತ್ತೆ ಹೆದರುತ್ತದೋ ಕಳ್ಳ ಅಲ್ಲಿದ್ದಾನೆ. ಸೀಟಿನ ಹಳಿಗೆ ಸಿಕ್ಕಿ ಸಿಪ್ಪೆ ಸುಲಿದ ಸ್ಪೀಕರ್ ವೈರ್ ಆಗಿರಬಹುದು. ಸಬ್‌ನ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಸುಟ್ಟಿರಬಹುದು. ಸಬ್‌ನ ವೈರ್ ಬಿಚ್ಚಿ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಅಳೆಯಿರಿ. 4 ಓಮ್ ಸಬ್ ಆದರೆ ಮೀಟರಿನಲ್ಲಿ 3 ಚಿಲ್ಲರೆ ತೋರಿಸುತ್ತದೆ, ಗಾಬರಿ ಬೇಡ. ಸೊನ್ನೆಯ ಹತ್ತಿರ ಬಂದರೆ, ಇಲ್ಲವೇ ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಮೂಗನ್ನೂ ಹತ್ತಿರ ಇಡಿ. ಸುಟ್ಟ ವಾರ್ನಿಶ್ ವಾಸನೆ ಒಮ್ಮೆ ಕುಡಿದವರು ಮರೆಯುವುದಿಲ್ಲ.

ಕಾಯಿಲ್ ಚೆನ್ನಾಗಿದ್ದೂ, ವೈರ್ ಕಟ್ಟಿದ ರೀತಿಗೇ ಆಂಪ್ ಹೆದರಬಹುದು. ಒಂದು ಸಬ್‌ನಲ್ಲಿ ಎರಡು 4 ಓಮ್ ಕಾಯಿಲ್ ಇದ್ದರೆ ಪ್ಯಾರಲಲ್, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಟ್ಟಿದಾಗ 2 ಓಮ್; ಸೀರೀಸ್, ಅಂದರೆ ಒಂದರ ಹಿಂದೆ ಒಂದು ಕಟ್ಟಿದಾಗ 8. ಅಂಥ ಎರಡು ಸಬ್ ತಂದು ಎಲ್ಲವನ್ನೂ ಪ್ಯಾರಲಲ್ ಕಟ್ಟಿದರೆ 1 ಓಮ್. 2 ಓಮಿಗಿಂತ ಕೆಳಗೆ ಬೇಡ ಎಂದು ಬರೆದಿರುವ ಆಂಪ್ ಇದಕ್ಕೆ ಸಿಟ್ಟಾಗದೆ ಇನ್ನೇನು ಮಾಡೀತು?

ಇನ್ನು ನನ್ನ ಕತೆ. ವಾಲ್ಯೂಮ್ ಏರಿಸಿದರೆ ನನ್ನ ಆಂಪ್ ಸುಮ್ಮನಾಗುತ್ತಿತ್ತು. ಆಂಪ್ ಬದಲಿಸಿದೆ, ಅದೇ ಕತೆ. ಸುಮ್ಮನಿರುವಾಗ ಅಳೆದರೆ ವೋಲ್ಟ್ ಸರಿಯಾಗೇ ಇತ್ತು. ಗ್ರೌಂಡ್ ವೈರಿನ ಓಮ್ ಅಳೆದೆ, 0.3. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೂ ಅದೇ 0.3. ಸರಿ, ಗ್ರೌಂಡ್ ಚೊಕ್ಕವಾಗಿದೆ ಅಂದುಕೊಂಡೆ. ಅಲ್ಲೇ ನಾನು ಮೋಸ ಹೋದದ್ದು.

ಕೊನೆಗೆ ಎಂಜಿನ್ ಓಡಿಸಿ, 50 ಹರ್ಟ್ಸ್‌ನ ಒಂದೇ ಸಮನೆ ಬರುವ ಗುಂಯ್ ದನಿ ಹಾಕಿ ಅಳೆದೆ. ಹಾಡು ಹಾಕಿದರೆ ಮೀಟರಿನ ಅಂಕಿ ಕುಣಿಯುತ್ತದೆ, ಓದಲಾಗುವುದಿಲ್ಲ. ಬ್ಯಾಟರಿಯ ಮೇಲೆ 13.4. ಆಂಪಿನ ಮೇಲೆ 10.2. ಎಷ್ಟೋ ಆಂಪ್‌ಗಳು 10 ವೋಲ್ಟ್ ಆಸುಪಾಸಿನಲ್ಲೇ ಬಾಗಿಲು ಹಾಕಿಕೊಳ್ಳುತ್ತವೆ. ಹಾಗಾದರೆ ದಾರಿಯಲ್ಲಿ 3.2 ವೋಲ್ಟ್ ತಿಂದವರು ಯಾರು?

ಮೀಟರಿನ ಕಡ್ಡಿಗೆ ಒಂದು ಉದ್ದನೆಯ ವೈರ್ ಕಟ್ಟಿ, ಬಾನೆಟ್ಟಿನಿಂದ ಡಿಕ್ಕಿವರೆಗೆ ಎಳೆದೆ. ಬ್ಯಾಟರಿ ಪ್ಲಸ್‌ನಿಂದ ಆಂಪಿನ ಪ್ಲಸ್‌ಗೆ ಅಳೆದರೆ 0.3. ಪರವಾಗಿಲ್ಲ. ಬ್ಯಾಟರಿ ಮೈನಸ್‌ನಿಂದ ಆಂಪಿನ ಗ್ರೌಂಡಿಗೆ ಅಳೆದರೆ 2.9! ಡಿಕ್ಕಿಯ ಮ್ಯಾಟ್ ಎತ್ತಿ ಗ್ರೌಂಡ್ ಬೋಲ್ಟ್ ಮುಟ್ಟಿದೆ, ಚುರ್ ಅಂತು. ಬಿಚ್ಚಿ ನೋಡಿದರೆ ವೈರಿನ ತುದಿಯ ಉಂಗುರ, ಅಂದರೆ ಲಗ್, ಕೂತಿದ್ದ ಜಾಗದಲ್ಲಿ ಕರೆಂಟು ಬಿಡದ ಬಣ್ಣ ಹಾಗೇ ಮಿನುಗುತ್ತಿದೆ. ಉಂಗುರದ ಒಂದು ಅಂಚಿನಲ್ಲಿ ಮಾತ್ರ ಕಡ್ಲೆಬೇಳೆಯಷ್ಟು ಕಪ್ಪು ಕಲೆ. ಅಷ್ಟೂ ಕರೆಂಟು ಆ ಕಲೆಯ ಮೂಲಕ ನುಸುಳಬೇಕಿತ್ತು. ಅದನ್ನು ಬಿಗಿದವರು ಬೇರೆ ಯಾರೂ ಅಲ್ಲ, ನಾನೇ.

ಲೆಕ್ಕ ನೋಡಿ. ಅಲ್ಲಿದ್ದ ತಡೆ ಬರೀ 0.07 ಓಮ್. ಅಗ್ಗದ ಮೀಟರಿನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದರೆ 40 ಆಂಪಿಯರ್ ಹರಿದಾಗ, 40 ಗುಣಿಸು 0.07, ಅಂದರೆ 2.8 ವೋಲ್ಟ್ ಅಲ್ಲೇ ಖಾಲಿ. ಒಂದು ಬೋಲ್ಟಿನಲ್ಲಿ 100 ವಾಟಿಗೂ ಜಾಸ್ತಿ ಬಿಸಿ! ಅದಕ್ಕೇ ಹೇಳುವುದು, ಗ್ರೌಂಡನ್ನು ಕರೆಂಟು ಹರಿಯುವಾಗಲೇ ವೋಲ್ಟಿನಲ್ಲಿ ಅಳೆಯಬೇಕು. ಉಪ್ಪುಕಾಗದ ಹಿಡಿದು ತಗಡು ಬೆಳ್ಳಗಾಗುವವರೆಗೆ ಉಜ್ಜಿದೆ. ಲಗ್ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಮತ್ತೆ ಅಳೆದರೆ 0.1. ಆಂಪಿನ ಮೇಲೆ 13. ಹಳೇ ಆಂಪನ್ನೇ ವಾಪಸ್ ಹಾಕಿದೆ, ಗುಡುಗಿತು. ಅಂದ ಹಾಗೆ ಗ್ರೌಂಡಿಗೆ ಸೀಟ್ ಬೆಲ್ಟಿನ ಬೋಲ್ಟ್ ಮಾತ್ರ ಬೇಡ. ಅದು ಪ್ರಾಣ ಕಾಯುವ ಬೋಲ್ಟ್.

ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಏರುವ ಕುಂಯ್ ದನಿ ಬರುತ್ತಿದ್ದರೆ ಅದು ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನದು. ಆಂಪಿನ ಆರ್‌ಸಿಎ ಕಿತ್ತು ನೋಡಿ. ದನಿ ನಿಂತರೆ ಅದು ಸ್ಟೀರಿಯೋ ಕಡೆಯಿಂದ, ಇಲ್ಲವೇ ಆರ್‌ಸಿಎ ವೈರಿನಿಂದ ಬರುತ್ತಿದೆ. ಆ ವೈರ್ ಪವರ್ ವೈರಿನ ಜೊತೆಜೊತೆಗೇ ಓಡಿದ್ದರೆ ಕಾರಿನ ಇನ್ನೊಂದು ಬದಿಗೆ ಹಾಕಿ. ನಿಲ್ಲದಿದ್ದರೆ ಮತ್ತೆ ಗ್ರೌಂಡಿಗೇ ಬನ್ನಿ.

ಆಂಪಿನ ಮೇಲೆ ಗೇನ್ ಎಂಬ ಒಂದು ತಿರುಗಣೆ ಇರುತ್ತದೆ. ಅದನ್ನು ಬಳಸುವ ರೀತಿಯ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಅದನ್ನು ಎರಡನೇ ವಾಲ್ಯೂಮ್ ಅಂದುಕೊಂಡು ಕೊನೆವರೆಗೂ ತಿರುಗಿಸುತ್ತಾರೆ. ಅದು ಇರುವುದು ಸ್ಟೀರಿಯೋ ಕೊಡುವ 2 ವೋಲ್ಟೋ 4 ವೋಲ್ಟೋ, ಅದಕ್ಕೆ ಆಂಪನ್ನು ಹೊಂದಿಸಲು. ಮಿತಿ ಮೀರಿದರೆ ಸ್ಪೀಕರಿಗೆ ಹೋಗುವ ದನಿಯ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ದನಿ ಒಡೆಯುತ್ತದೆ, ಕಾಯಿಲ್ ಕಾಯುತ್ತದೆ. ಆಗಲೇ ಹೇಳಿದ ವಾಸನೆ ಬಹಳ ಸಲ ಬರುವುದು ಇಲ್ಲಿಂದಲೇ.

ಎರಡು ಸಬ್ ಇದ್ದೂ ಬೇಸ್ ತೆಳ್ಳಗಿದ್ದರೆ ಒಂದರ ಪ್ಲಸ್ ಮೈನಸ್ ತಿರುವು ಮುರುವಾಗಿರಬಹುದು. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಕೈಗೆ ಬರುವುದು ಸೊನ್ನೆ. ಆಂಪಿನ ತುದಿಯಲ್ಲಿ ಸ್ಪೀಕರ್ ವೈರ್‌ಗಳನ್ನು ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದು, ಆ ವೈರ್‌ಗಳಿಗೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬರಬೇಕು. ಎರಡರಲ್ಲೂ ನೋಡಿ. ಒಂದು ಒಳಗೆ ಹೋಯಿತೋ, ಅದರ ವೈರ್ ಅದಲು ಬದಲು ಮಾಡಿ. ಸೆಲ್ ವಾಪಸ್ ಗಡಿಯಾರಕ್ಕೆ ಹಾಕುವುದನ್ನು ಮರೆಯಬೇಡಿ.

ನಮಸ್ಕಾರ.