ಐರ್ಲೆಂಡಿನಲ್ಲಿ ಎರಡು ವಾರ, ಕೈಯಲ್ಲಿ ಐದು ಪಠ್ಯ

ಎಲ್ಲರಿಗೂ ನಮಸ್ಕಾರ. ಐರಿಷ್ ಸಾಹಿತ್ಯವನ್ನು ಓದುವುದಕ್ಕೆಂದೇ ಎರಡು ವಾರ ಐರ್ಲೆಂಡಿಗೆ ಹೋಗುವವರು ಏನು ಓದಿಕೊಂಡು ಹೊರಡಬೇಕು, ಅಲ್ಲಿ ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು, ಎಲ್ಲಿ ಎಡವುತ್ತಾರೆ ಎಂಬುದಷ್ಟೇ ಇವತ್ತಿನ ವಿಷಯ.

ಒಂದು ಪುಸ್ತಕ ಓದುವಾಗ ಲೇಖಕ ಹೇಳದೆ ಬಿಟ್ಟದ್ದನ್ನೆಲ್ಲ ನಾವು ನಮ್ಮ ಊರಿನಿಂದ ತುಂಬಿಕೊಳ್ಳುತ್ತೇವೆ. ಕಡಲು ಎಂದರೆ ನಮ್ಮ ಮನಸ್ಸಿಗೆ ಬರುವುದು ಮಲ್ಪೆ, ಕಾರವಾರ, ದಂಡೆಯುದ್ದಕ್ಕೂ ತೆಂಗು. ದ್ವೀಪ ಎಂದರೂ ಹಸಿರೇ. ಸಂಜೆ ಎಂದರೆ ಆರೂವರೆ. ಈ ಊಹೆಗಳಲ್ಲಿ ಯಾವುವು ತಪ್ಪು ಎಂದು ಪತ್ತೆ ಮಾಡುವುದಕ್ಕೆ ಪ್ರವಾಸ ಬೇಕು. ಊರು ಕೃತಿಯನ್ನು ವಿವರಿಸುವುದಿಲ್ಲ, ನಮ್ಮ ಓದನ್ನು ತಿದ್ದುತ್ತದೆ. ಹಾಗಾಗಿ ಓದದೆ ಹೋದವರಿಗೆ ಅಲ್ಲಿ ತಿದ್ದಿಸಿಕೊಳ್ಳಲು ಏನೂ ಇರುವುದಿಲ್ಲ. ಸ್ಮಾರಕ ಫಲಕಗಳ ಫೋಟೋ ಮಾತ್ರ ಸಿಗುತ್ತದೆ.

ಐದು ಪಠ್ಯ ಸಾಕು. ಜೇಮ್ಸ್ ಜಾಯ್ಸ್‌ನ 1914ರ 'ಡಬ್ಲಿನರ್ಸ್' ಸಂಕಲನದ ಕೊನೆಯ ಕಥೆ 'ದಿ ಡೆಡ್'. ಅವನದೇ 1922ರ ಕಾದಂಬರಿ 'ಯುಲಿಸಿಸ್' ಇಡಿಯಾಗಿ ಬೇಡ, ಅದರ ಐದನೆಯ ಅಧ್ಯಾಯ 'ಲೋಟಸ್ ಈಟರ್ಸ್' ಮಾತ್ರ. ಜೆ.ಎಂ. ಸಿಂಗ್‌ನ ಏಕಾಂಕ 'ರೈಡರ್ಸ್ ಟು ದ ಸೀ'. ಯೇಟ್ಸ್‌ನ ಆರೇಳು ಕವನ. ಬ್ರಯನ್ ಫ್ರೀಲ್‌ನ 1980ರ ನಾಟಕ 'ಟ್ರಾನ್ಸ್‌ಲೇಷನ್ಸ್'. ಒಂದೊಂದನ್ನೂ ಹೊರಡುವ ಮುಂಚೆ ಎರಡು ಸಲ ಓದಿ. ಎರಡನೆಯ ಸಲ ಪಕ್ಕದಲ್ಲಿ ನಕ್ಷೆ ಇಟ್ಟುಕೊಂಡು ನಿಮ್ಮ ಊಹೆಗಳನ್ನು ಬರೆದಿಡಿ: ಈ ಪಾತ್ರ ಎಷ್ಟು ದೂರ ನಡೆಯಿತು, ಆಗ ಬೆಳಕು ಹೇಗಿತ್ತು, ಏನು ಕೇಳಿಸುತ್ತಿತ್ತು, ಮನೆ ಎಷ್ಟು ದೊಡ್ಡದು. ಒಂದು ಪಠ್ಯಕ್ಕೆ ಒಂದು ಪುಟ. ಅಲ್ಲಿ ನಿಮಗೆ ಪ್ರವಾಸಿ ಕೈಪಿಡಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈ ಐದು ಪುಟ.

ದಿನಗಳ ಲೆಕ್ಕ ಹೀಗೆ: ಡಬ್ಲಿನ್‌ನಲ್ಲಿ ಆರು ರಾತ್ರಿ, ಗಾಲ್ವೇಯಲ್ಲಿ ನಾಲ್ಕು, ಸ್ಲೈಗೋದಲ್ಲಿ ಮೂರು, ವಿಮಾನಕ್ಕೆ ಮುಂಚೆ ಮತ್ತೆ ಡಬ್ಲಿನ್‌ನಲ್ಲಿ ಒಂದು. ಡಬ್ಲಿನ್‌ನಿಂದ ಗಾಲ್ವೇಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಗಾಲ್ವೇಯಿಂದ ಸ್ಲೈಗೋಗೆ ನೇರ ರೈಲಿಲ್ಲ, ಬಸ್ಸು ಹಿಡಿಯಬೇಕು. ಸ್ಲೈಗೋದಿಂದ ಡಬ್ಲಿನ್‌ಗೆ ರೈಲಿನಲ್ಲಿ ಮೂರು ಗಂಟೆ. ಇದಕ್ಕೆ ಇನ್ನೊಂದು ಊರನ್ನೂ ಸೇರಿಸಿದರೆ ಓದುವ ಹೊತ್ತು ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಡಬ್ಲಿನ್‌ನಲ್ಲಿ ಒಂದು ಇಡೀ ಬೆಳಗನ್ನು 'ಲೋಟಸ್ ಈಟರ್ಸ್'ಗೆ ಮೀಸಲಿಡಿ. 1904ರ ಜೂನ್ 16ರ ಬೆಳಿಗ್ಗೆ ಕಾದಂಬರಿಯ ನಾಯಕ ಲಿಯೊಪೋಲ್ಡ್ ಬ್ಲೂಮ್ ಲಿಫಿ ನದಿಯ ದಕ್ಷಿಣ ದಂಡೆಯ ಸರ್ ಜಾನ್ ರೋಜರ್ಸನ್ಸ್ ಕೀ ಎಂಬಲ್ಲಿ ನಡೆಯುತ್ತಿರುವಾಗ ಅಧ್ಯಾಯ ಶುರುವಾಗುತ್ತದೆ. ಅವನ ಮನೆ ನದಿಯ ಉತ್ತರಕ್ಕೆ, ಎಕ್ಲ್ಸ್ ಬೀದಿಯ 7ನೇ ನಂಬರು. ಅವನು ಹೋಗಬೇಕಾದದ್ದು ವೆಸ್ಟ್‌ಲ್ಯಾಂಡ್ ರೋನ ಅಂಚೆ ಕಚೇರಿಗೆ. ನಕ್ಷೆ ತೆಗೆದು ನೋಡಿ: ನೇರ ದಾರಿ ಓ'ಕಾನೆಲ್ ಸೇತುವೆ ದಾಟಿ ಹೋಗುವುದು. ಅವನು ಇರುವುದು ಪೂರ್ವಕ್ಕೆ ಬಹಳ ಸರಿದು, ಹಡಗುಕಟ್ಟೆಯ ಕಡೆ. ಅಲ್ಲಿಂದ ಲೈಮ್ ಬೀದಿ, ಟೌನ್‌ಸೆಂಡ್ ಬೀದಿ ಹಿಡಿದು ಸುತ್ತಿ ಬರುತ್ತಾನೆ. ಅಂಚೆ ಕಚೇರಿಯಲ್ಲಿ ಅವನಿಗಾಗಿ ಕಾದಿರುವುದು 'ಹೆನ್ರಿ ಫ್ಲವರ್' ಎಂಬ ಸುಳ್ಳು ಹೆಸರಿಗೆ ಬಂದ ಒಬ್ಬ ಹೆಂಗಸಿನ ಕಾಗದ. ಪತ್ರ ಸಿಕ್ಕ ಮೇಲೂ ಅಲ್ಲೇ ಒಡೆದು ಓದುವುದಿಲ್ಲ. ಸುತ್ತು ಹೊಡೆದು ಕಂಬರ್‌ಲ್ಯಾಂಡ್ ಬೀದಿಯ ನಿರ್ಜನ ಜಾಗಕ್ಕೆ ಹೋಗಿ ಓದುತ್ತಾನೆ. ಹಿಂಬಾಗಿಲಿನಿಂದ ಚರ್ಚಿನೊಳಗೆ ಹೊಕ್ಕು ಮುಂಬಾಗಿಲಿನಿಂದ ಮತ್ತೆ ವೆಸ್ಟ್‌ಲ್ಯಾಂಡ್ ರೋಗೇ ಬರುತ್ತಾನೆ. ಅವನು ಕದ್ದುಮುಚ್ಚಿ ನಡೆಯುತ್ತಿದ್ದಾನೆ ಎಂದು ಜಾಯ್ಸ್ ಎಲ್ಲೂ ಹೇಳುವುದಿಲ್ಲ. ಹೇಳುವುದು ಆ ದಾರಿ. ಪುಟದ ಮೇಲೆ ಬೀದಿ ಹೆಸರುಗಳ ಸಾಲಾಗಿ ಕಂಡದ್ದು ಕಾಲಿಗೆ ಬಳಸುದಾರಿ ಎಂದು ಗೊತ್ತಾಗುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎಂದರೆ ನಡಿಗೆಯನ್ನು ಅಂಚೆ ಕಚೇರಿಯಿಂದ ಶುರು ಮಾಡುವುದು. ಹಾಗೆ ಮಾಡಿದರೆ ಸುತ್ತು ತಪ್ಪಿಹೋಗುತ್ತದೆ, ಅದರ ಜೊತೆ ಅಧ್ಯಾಯದ ತಿರುಳೂ ಹೋಗುತ್ತದೆ. ಎಕ್ಲ್ಸ್ ಬೀದಿಯಿಂದಲೇ ಹೊರಡಿ. 7ನೇ ನಂಬರಿನ ಮನೆ ಈಗಿಲ್ಲ, ಕೆಡವಿದ್ದಾರೆ. ಅದರ ಬಾಗಿಲು ಮಾತ್ರ ನಾರ್ತ್ ಗ್ರೇಟ್ ಜಾರ್ಜಸ್ ಬೀದಿಯ ಜೇಮ್ಸ್ ಜಾಯ್ಸ್ ಸೆಂಟರಿನಲ್ಲಿದೆ. ನಡಿಗೆ ಮುಗಿಯುವುದು ಲಿಂಕನ್ ಪ್ಲೇಸ್‌ನ ಸ್ವೆನಿ ಔಷಧಿ ಅಂಗಡಿಯಲ್ಲಿ. ಬ್ಲೂಮ್ ನಿಂಬೆ ಪರಿಮಳದ ಸಾಬೂನು ಕೊಂಡದ್ದು ಅಲ್ಲೇ. ಈಗ ಅಲ್ಲಿ ಔಷಧಿ ಮಾರುವುದಿಲ್ಲ. ಸ್ವಯಂಸೇವಕರು ನಡೆಸುತ್ತಾರೆ, ಜಾಯ್ಸ್‌ನನ್ನು ಗುಂಪಾಗಿ ಕೂತು ಗಟ್ಟಿಯಾಗಿ ಓದುತ್ತಾರೆ. ಆ ಓದಿಗೆ ತಪ್ಪದೆ ಹೋಗಿ. ಡಬ್ಲಿನ್ ಮಾತಿನ ಏರಿಳಿತ ಕಿವಿಗೆ ಬಿದ್ದ ಮೇಲೆ, ಕಷ್ಟ ಎಂದು ಬಿಟ್ಟಿದ್ದ ಎಷ್ಟೋ ವಾಕ್ಯಗಳಲ್ಲಿ ಮಾತನಾಡುತ್ತಿರುವವರು ಯಾರು ಎಂದು ಸುಲಭವಾಗಿ ತಿಳಿಯುತ್ತದೆ.

ಇನ್ನೊಂದು ಸಂಗತಿ ನೆನಪಿರಲಿ. ಜಾಯ್ಸ್ ಈ ಪುಸ್ತಕ ಬರೆದದ್ದು ಟ್ರಿಯೆಸ್ಟ್, ಜ್ಯೂರಿಕ್, ಪ್ಯಾರಿಸ್ ನಗರಗಳಲ್ಲಿ. ವಿಳಾಸಗಳಿಗೆ ಥಾಮ್ಸ್ ಡೈರೆಕ್ಟರಿ ಎಂಬ ಡಬ್ಲಿನ್ ವಿಳಾಸಗಳ ಪುಸ್ತಕ ನೋಡುತ್ತಿದ್ದ. ಎಕ್ಲ್ಸ್ ಬೀದಿಯ ಆ ಮನೆಯ ಮುಂದಿನ ಕಂಬಿ ಹಿಡಿದು ಒಬ್ಬ ಸಾಮಾನ್ಯ ಮನುಷ್ಯ ಕೆಳಗಿಳಿಯಬಹುದೇ ಎಂದು ಡಬ್ಲಿನ್‌ನಲ್ಲಿದ್ದ ಅತ್ತೆಗೆ ಕಾಗದ ಬರೆದು ಕೇಳಿದ್ದ. ಊರಿನಿಂದ ದೂರವಿದ್ದವನು ಕಟ್ಟಿದ ಊರು ಅದು. ಅದನ್ನು ನಡೆದು ಪರೀಕ್ಷಿಸುವುದಕ್ಕೆ ಹಿಂಜರಿಯಬೇಕಾಗಿಲ್ಲ.

'ದಿ ಡೆಡ್' ಕಥೆಗೆ ಬೇಸಿಗೆಯ ಪ್ರವಾಸ ಸ್ವಲ್ಪ ಅನ್ಯಾಯ ಮಾಡುತ್ತದೆ. ಔತಣ ನಡೆಯುವ ಮನೆ ಅಷರ್ಸ್ ಐಲ್ಯಾಂಡ್‌ನ 15ನೇ ನಂಬರು. ಅಲ್ಲಿಂದ ನದಿದಂಡೆಯಲ್ಲಿ, ಕಥೆಯ ದಂಪತಿ ಆ ರಾತ್ರಿ ತಂಗುವ ಗ್ರೆಷಮ್ ಹೋಟೆಲ್ ಕಡೆಗೆ ಇವತ್ತೂ ನಡೆಯಬಹುದು. ಆದರೆ ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಕಥೆಯಲ್ಲಿರುವುದು ಹಿಮ ಬೀಳುವ ನಡುಚಳಿಗಾಲದ ಕತ್ತಲೆ. ದೂರ ತಿಳಿಯಿತು, ಬೆಳಕು ತಿಳಿಯಲಿಲ್ಲ ಎಂದು ಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಬರೆದುಕೊಳ್ಳಿ.

ಟ್ರಿನಿಟಿ ಕಾಲೇಜಿನ 'ಬುಕ್ ಆಫ್ ಕೆಲ್ಸ್' ಅಪೂರ್ವ ಹಸ್ತಪ್ರತಿ, ಸರಿ. ಆದರೆ ಅದು ಲ್ಯಾಟಿನ್ ಭಾಷೆಯ ಸುವಾರ್ತೆಗಳ ಪ್ರತಿ, ಸುಮಾರು ಕ್ರಿ.ಶ. 800ರದ್ದು. ಅಲ್ಲಿನ ಹಳೆಯ ಗ್ರಂಥಾಲಯದ ಸಭಾಂಗಣ ಲಾಂಗ್ ರೂಮ್‌ನ ಸಂರಕ್ಷಣಾ ಕೆಲಸಕ್ಕಾಗಿ ಸುಮಾರು ಎರಡು ಲಕ್ಷ ಪುಸ್ತಕಗಳನ್ನು ಕಪಾಟುಗಳಿಂದ ಇಳಿಸಿದ್ದಾರೆ. ಚಿತ್ರದಲ್ಲಿ ಕಂಡದ್ದನ್ನೇ ನಿರೀಕ್ಷಿಸಿ ಹೋಗಬೇಡಿ. ಹೊತ್ತು ಕಡಿಮೆಯಿದ್ದರೆ ಸೇಂಟ್ ಸ್ಟೀಫನ್ಸ್ ಗ್ರೀನ್ ಪಕ್ಕದ ಐರ್ಲೆಂಡ್ ಸಾಹಿತ್ಯ ಸಂಗ್ರಹಾಲಯ ಮೇಲು: 'ಯುಲಿಸಿಸ್' ಮೊದಲ ಮುದ್ರಣದ ಒಂದನೇ ನಂಬರಿನ ಪ್ರತಿ ಅಲ್ಲಿದೆ. ಕಿಲ್ಡೇರ್ ಬೀದಿಯ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯೇಟ್ಸ್ ಪ್ರದರ್ಶನ ಉಚಿತ. ಅಲ್ಲಿ ಹಸ್ತಪ್ರತಿ ನೋಡಬೇಕಿದ್ದರೆ ಓದುಗರ ಕಾರ್ಡು ಮಾಡಿಸಿ, ಮೊದಲೇ ಸಮಯ ಗೊತ್ತುಪಡಿಸಿಕೊಂಡು, ಪೆನ್ಸಿಲ್ ಹಿಡಿದು ಹೋಗಬೇಕು. ಖಚಿತ ಪ್ರಶ್ನೆ ಇಲ್ಲದಿದ್ದರೆ ಬೇಡ. ಜಾಯ್ಸ್‌ನ ಹಲವು ಹಸ್ತಪ್ರತಿಗಳನ್ನು ಅವರೇ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಮನೆಯಲ್ಲಿ ಕೂತೇ ನೋಡಬಹುದು.

ಈಗ ಪಶ್ಚಿಮಕ್ಕೆ. ಸಿಂಗ್ ಮೊದಲ ಸಲ ಗಾಲ್ವೇ ಕರಾವಳಿಯಾಚೆಯ ಆರನ್ ದ್ವೀಪಗಳಿಗೆ ಹೋದದ್ದು 1898ರಲ್ಲಿ. ಹೆಚ್ಚು ಕಾಲ ತಂಗಿದ್ದು ನಡುವಿನ ದ್ವೀಪ ಇನಿಶ್ ಮಾನ್‌ನಲ್ಲಿ. 'ರೈಡರ್ಸ್ ಟು ದ ಸೀ'ಯಲ್ಲಿ ಗೋಡೆಗೆ ಒರಗಿಸಿಟ್ಟ ಹೊಸ ಹಲಗೆಗಳಿವೆ. ಕಡಲಲ್ಲಿ ಕಳೆದುಹೋದ ಮಗ ಮೈಕೆಲ್‌ನ ಹೆಣ ಸಿಕ್ಕರೆ ಪೆಟ್ಟಿಗೆ ಮಾಡಲೆಂದು ತಾಯಿ ಮೌರ್ಯಾ ದುಡ್ಡು ಕೊಟ್ಟು ತರಿಸಿದ ಹಲಗೆಗಳು. ನಮ್ಮ ಮಲೆನಾಡಿನ, ಕರಾವಳಿಯ ಓದುಗರಿಗೆ ಹಲಗೆ ದೊಡ್ಡ ವಸ್ತುವಲ್ಲ, ಓದಿ ಮುಂದೆ ಹೋಗುತ್ತಾರೆ. ಆ ದ್ವೀಪದಲ್ಲಿ ನಿಂತು ಸುತ್ತ ನೋಡಿ: ಬರೀ ಸುಣ್ಣಕಲ್ಲಿನ ಬಂಡೆ, ಕಲ್ಲಿನ ಗೋಡೆ, ಮತ್ತೆ ಬಂಡೆ. ಪೆಟ್ಟಿಗೆಗೆ ಒದಗುವಂಥ ಮರವಿಲ್ಲ. ಮರವನ್ನು ಹೊರಗಿನಿಂದ ದೋಣಿಯಲ್ಲಿ ತರಬೇಕು, ತರುವ ಕಡಲೇ ಮಕ್ಕಳನ್ನು ಕೊಂಡೊಯ್ಯುವ ಕಡಲು. ಕೊನೆಗೆ ಆ ಹಲಗೆ ಬಳಕೆಯಾಗುವುದು ಕೊನೆಯ ಮಗ ಬಾರ್ಟ್ಲಿಗೆ. ಹಲಗೆ ತಂದವಳು ಮೊಳೆ ತರುವುದನ್ನು ಮರೆತಿದ್ದಾಳೆ. ಇಷ್ಟು ಹೆಣಪೆಟ್ಟಿಗೆ ಕಂಡವಳಿಗೆ ಅದು ಹೊಳೆಯಲಿಲ್ಲವೇ ಎಂದು ಅಲ್ಲಿನ ಒಬ್ಬ ಅಚ್ಚರಿಪಡುತ್ತಾನೆ. ಆ ಸಾಲಿನ ಭಾರ ದ್ವೀಪ ನೋಡಿದವರಿಗೆ ಬೇರೆಯೇ.

ಅದೇ ನಾಟಕದಲ್ಲಿ ಮೈಕೆಲ್‌ನ ಗುರುತು ಹತ್ತುವುದು ಕಾಲುಚೀಲದಿಂದ. ತಂಗಿ ನೋರಾ ತಾನು ಹೆಣೆದ ಅರವತ್ತು ಕುಣಿಕೆಗಳಲ್ಲಿ ನಾಲ್ಕನ್ನು ಬಿಟ್ಟಿದ್ದಳು. ಆ ಲೆಕ್ಕವೇ ಸಾಕ್ಷಿ. ಇಡೀ ನಾಟಕವನ್ನು ದ್ವೀಪದಲ್ಲೇ ಗುಂಪಾಗಿ ಓದಿ, ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯಬಹುದು. ಗಾಳಿಗೆ ಬೆನ್ನು ಕೊಟ್ಟು ಗೋಡೆಯ ಮರೆಯಲ್ಲಿ ಕೂರಿ, ಇಲ್ಲದಿದ್ದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ದೋಣಿ ಹೊರಡುವುದು ಗಾಲ್ವೇ ನಗರದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ದೂರದ ರೊಸಾವೀಲ್ ಬಂದರಿನಿಂದ. ಕಡಲ ಪ್ರಯಾಣ ಮುಕ್ಕಾಲು ಗಂಟೆಯ ಆಸುಪಾಸು. ಗಾಳಿ ಜೋರಾದರೆ ದೋಣಿ ರದ್ದು. ಆದ್ದರಿಂದ ದ್ವೀಪವನ್ನು ಗಾಲ್ವೇಯ ಮೊದಲ ದಿನಕ್ಕೇ ಇಟ್ಟುಕೊಳ್ಳಿ. ರದ್ದಾದರೆ ಮರುದಿನ ಉಳಿದಿರುತ್ತದೆ. ಜನ ಸಾಮಾನ್ಯವಾಗಿ ದೊಡ್ಡ ದ್ವೀಪ ಇನಿಶ್ ಮೋರ್‌ಗೆ ಹೋಗಿ ಸಿಂಗ್‌ನನ್ನು ಹುಡುಕುತ್ತಾರೆ. ಅವನು ತಂಗಿದ್ದ ಹುಲ್ಲುಮಾಡಿನ ಮನೆ ಇರುವುದು ಇನಿಶ್ ಮಾನ್‌ನಲ್ಲಿ, ತೆರೆದಿರುವುದು ಬೇಸಿಗೆಯಲ್ಲಿ. ಅಲ್ಲಿ ಅಂಗಡಿ ಹೋಟೆಲು ವಿರಳ, ಬುತ್ತಿ ಕಟ್ಟಿಕೊಂಡು ಹೋಗಿ.

ಈ ದ್ವೀಪಗಳಲ್ಲಿ ಜನ ಆಡುವುದು ಐರಿಷ್. ಐರ್ಲೆಂಡಿನ ಬೇರೆಡೆ ರಸ್ತೆ ಫಲಕಗಳಲ್ಲಿ ಎರಡು ಭಾಷೆ: ಮೇಲೆ ಓರೆ ಅಕ್ಷರದಲ್ಲಿ ಐರಿಷ್, ಕೆಳಗೆ ದೊಡ್ಡಕ್ಷರದಲ್ಲಿ ಇಂಗ್ಲಿಷ್. ಐರಿಷ್ ಆಡುವ ಪ್ರದೇಶಕ್ಕೆ ಕಾಲಿಟ್ಟೊಡನೆ ಊರ ಹೆಸರು ಐರಿಷ್‌ನಲ್ಲಿ ಮಾತ್ರ. 'ಟ್ರಾನ್ಸ್‌ಲೇಷನ್ಸ್' ನಾಟಕ ಓದಬೇಕಾದ ಜಾಗ ರೊಸಾವೀಲ್‌ಗೆ ಹೋಗುವ ಆ ಬಸ್ಸು. 1833ರಲ್ಲಿ ಬ್ರಿಟಿಷ್ ಸೈನಿಕರು ಭೂಮಾಪನಕ್ಕೆ ಬಂದು ಊರ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸುವ ಕಥೆ ಅದು.

ಸ್ಲೈಗೋದಲ್ಲಿ ಯೇಟ್ಸ್. ಗಿಲ್ ಸರೋವರದ ಇನಿಸ್‌ಫ್ರೀ ದ್ವೀಪ ನೋಡಿದವರು ನಿರಾಶರಾಗುವುದುಂಟು. ಪೊದೆ ತುಂಬಿದ ಪುಟ್ಟ ನೆಲ ಅದು. ಆದರೆ ಅದರ ಮೇಲಿನ ಕವನ 'ದಿ ಲೇಕ್ ಐಲ್ ಆಫ್ ಇನಿಸ್‌ಫ್ರೀ' ಹುಟ್ಟಿದ್ದು ಲಂಡನ್ನಿನ ಬೀದಿಯಲ್ಲಿ, ಅಂಗಡಿಯೊಂದರ ಕಿಟಕಿಯ ಕಾರಂಜಿಯ ಸದ್ದು ಕೇಳಿ. ಕವನದ ಕೊನೆಯಲ್ಲೇ ನಗರದ ಬೂದುಬಣ್ಣದ ಕಾಲುದಾರಿ ಇದೆ. ಹಾಗಾಗಿ ದ್ವೀಪ ಚಿಕ್ಕದಾಗಿರುವುದು ಓದಿಗೆ ಸಹಾಯವೇ: ಹಂಬಲ ಎಷ್ಟು ದೊಡ್ಡದಿತ್ತು ಎಂದು ಅಳೆಯಬಹುದು. 1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ ಯೇಟ್ಸ್‌ನ ಅವಶೇಷಗಳನ್ನು ಸ್ಲೈಗೋ ಹತ್ತಿರದ ಡ್ರಮ್‌ಕ್ಲಿಫ್‌ಗೆ ತಂದು ಹೂಳಿದ್ದು 1948ರಲ್ಲಿ. 'ಅಂಡರ್ ಬೆನ್ ಬುಲ್ಬನ್' ಕವನವನ್ನು ಸಮಾಧಿಯ ಮುಂದೆ ನಿಂತು ಓದಿ. ಅವನು ಬೇಡವೆಂದಿದ್ದ ಅಮೃತಶಿಲೆ ಅಲ್ಲಿಲ್ಲ, ಬೆನ್ ಬುಲ್ಬನ್ ಬೆಟ್ಟವಿದೆ. ಹೆಚ್ಚು ದಿನ ಇರುವವರಿಗೆ 1960ರಿಂದ ಇಲ್ಲಿ ಯೇಟ್ಸ್ ಬೇಸಿಗೆ ಶಾಲೆ ನಡೆಯುತ್ತಿದೆ. ಕನ್ನಡದವರು ಯೇಟ್ಸ್‌ಗೆ ಹೊಸಬರಲ್ಲ: ಶಂಕರ ಮೊಕಾಶಿ ಪುಣೇಕರರು ಅವನ ಉತ್ತರಾರ್ಧದ ಕಾವ್ಯದ ಮೇಲೆ ಪುಸ್ತಕ ಬರೆದರು, ಯು.ಆರ್. ಅನಂತಮೂರ್ತಿಯವರು ಅವನ ಕವನಗಳನ್ನು ಕನ್ನಡಕ್ಕೆ ತಂದರು. ಹೊರಡುವ ಮುಂಚೆ ಅವನ್ನೂ ಓದಿ.

ಕೊನೆಗೆ ವೀಸಾ. ಐರ್ಲೆಂಡ್ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದಲ್ಲಿಲ್ಲ, ಷೆಂಗೆನ್ ವೀಸಾ ಅಲ್ಲಿಗೆ ನಡೆಯುವುದಿಲ್ಲ. ಬೇಕಾದದ್ದು ಐರ್ಲೆಂಡಿನ ಅಲ್ಪಾವಧಿ 'ಸಿ' ವೀಸಾ, ಗರಿಷ್ಠ 90 ದಿನ. ಪ್ರಯಾಣಕ್ಕೆ ಮೂರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು; ಕೊನೆಯ ತಿಂಗಳಿಗೆ ಬಿಡಬೇಡಿ. ಕವಿ ಸೀಮಸ್ ಹೀನಿಯ ಊರು ಬೆಲಾಹಿ, ಫ್ರೀಲ್‌ನ ನಾಟಕ ಮೊದಲು ಪ್ರದರ್ಶನಗೊಂಡ ಡೆರಿ, ಇವೆರಡೂ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಡಬ್ಲಿನ್‌ನಿಂದ ಬೆಲ್‌ಫಾಸ್ಟ್ ಬಸ್ಸು ಹತ್ತಿದರೆ ದಾರಿಯಲ್ಲಿ ಗಡಿ ಠಾಣೆ ಕಾಣುವುದಿಲ್ಲ, ಆದರೆ ಕಾನೂನು ಅಲ್ಲಿ ಬದಲಾಗಿರುತ್ತದೆ. ನಿಮ್ಮ ವೀಸಾದ ಮೇಲೆ 'ಬಿಐವಿಎಸ್' (ಬ್ರಿಟನ್-ಐರ್ಲೆಂಡ್ ವೀಸಾ ಯೋಜನೆ) ಎಂಬ ಅಕ್ಷರಗಳಿದ್ದರೆ ಎರಡೂ ಕಡೆ ಹೋಗಬಹುದು, ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು ಎಂಬ ಷರತ್ತಿನ ಮೇಲೆ. ಆ ಅಕ್ಷರಗಳಿಲ್ಲದಿದ್ದರೆ ಡೆರಿಯ ಯೋಚನೆ ಬಿಟ್ಟು, ಅದಕ್ಕೆಂದುಕೊಂಡಿದ್ದ ಹೊತ್ತನ್ನು ಇನಿಶ್ ಮಾನ್‌ಗೆ ಕೊಡಿ.