ಎಡತುದಿಯ ಖಾಲಿ ಜಾಗ

ನಮಸ್ಕಾರ. ಇಲ್ಲಿರುವವರೆಲ್ಲ ಕೋಡ್ ಬರೆಯುವವರೇ. ಬಿಟ್ ಅಂದರೇನು ಅಂತ ನಾನು ಹೇಳಬೇಕಿಲ್ಲ. ಬಿಟ್‌ಗಳ ಸಾಲನ್ನು ಬಲಕ್ಕೆ ಸರಿಸಿದಾಗ, ಅಂದರೆ ಶಿಫ್ಟ್ ಮಾಡಿದಾಗ, ಎಡತುದಿಯಲ್ಲಿ ಏನಾಗುತ್ತದೆ ಅನ್ನುವುದೇ ಇವತ್ತಿನ ಮಾತು. ಸೀದಾ ನಮ್ಮ ‘ಕ’ ಅಕ್ಷರಕ್ಕೆ ಬರುತ್ತೇನೆ.

ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ಗೆ 3 ಬೈಟ್ ಬೇಕು. ಮೊದಲನೆಯದು 224. ಜಾವಾ ಭಾಷೆಯ ಬೈಟ್ 127ಕ್ಕೆ ಮುಗಿಯುತ್ತದೆ. ಹಾಗಾಗಿ ಅದೇ ಎಂಟು ಬಿಟ್ ಅಲ್ಲಿ -32 ಆಗಿ ಕಾಣುತ್ತದೆ.

ಕೆಲವು ವರ್ಷದ ಹಿಂದೆ ನಾವು ಬೈಟನ್ನು 16ರ ಲೆಕ್ಕದ ಬರಹಕ್ಕೆ, ಅಂದರೆ ಹೆಕ್ಸ್‌ಗೆ ತಿರುಗಿಸುವ ಪುಟ್ಟ ಫಂಕ್ಷನ್ ಬರೆದೆವು. 4 ಸ್ಥಾನ ಬಲಕ್ಕೆ ಸರಿಸುವುದು, ಬಂದ ಸಂಖ್ಯೆಯನ್ನು 16 ಮನೆಯ ಟೇಬಲ್‌ನಲ್ಲಿ ನೋಡುವುದು. ಟೆಸ್ಟ್‌ಗೆ ಹಾಕಿದ ಹೆಸರೆಲ್ಲ ಇಂಗ್ಲಿಷಿನಲ್ಲಿದ್ದವು. ಎಲ್ಲ ಪಾಸ್. ಮೊದಲ ಕನ್ನಡ ಹೆಸರು ಬಂತು ನೋಡಿ, ಪ್ರೋಗ್ರಾಂ ನಿಂತೇ ಹೋಯಿತು. >> ಅನ್ನುವುದು ಸೈನ್ ಉಳಿಸಿಕೊಂಡು ಬಲಕ್ಕೆ ಸರಿಸುವ ಗುರುತು; -32 >> 4 ಅಂದರೆ -2. ಟೇಬಲ್‌ನಲ್ಲಿ -2ನೇ ಮನೆ ಎಲ್ಲಿದೆ?

‘>>> ಹಾಕಿ, ಸರಿಹೋಗುತ್ತದೆ’ ಅಂದರು ಒಬ್ಬರು. ಅದು ಎಡತುದಿಗೆ ಸೊನ್ನೆ ತುಂಬುವ ಶಿಫ್ಟ್. ಹಾಕಿದೆವು. ಬಂದದ್ದು 268435454! ಯಾಕೆ ಗೊತ್ತಾ? ಸರಿಸುವ ಮೊದಲೇ ಜಾವಾ ಆ ಬೈಟನ್ನು 32 ಬಿಟ್‌ಗೆ ಹಿಗ್ಗಿಸಿ, ಎಡಗಡೆಯ 24 ಜಾಗಕ್ಕೂ 1 ತುಂಬಿರುತ್ತದೆ. >>> ತರುವ 4 ಸೊನ್ನೆ ಅವುಗಳಿಗೂ ಆಚೆ ಹೋಗಿ ಕೂರುತ್ತವೆ. ಮೊದಲು 255ರ ಜೊತೆ ಆಂಡ್ ಮಾಡಿ, ಅಂದರೆ ಬಲಗಡೆಯ ಎಂಟು ಬಿಟ್ ಮಾತ್ರ ಉಳಿಸಿಕೊಂಡು, ಆಮೇಲೆ ಸರಿಸಿದೆವು. 14 ಬಂತು. ಸರಿಯಾದ ಉತ್ತರ. ದಯವಿಟ್ಟು ನಿಮ್ಮ ಟೆಸ್ಟ್‌ಗಳಲ್ಲಿ ಒಂದಾದರೂ ಕನ್ನಡ ಹೆಸರು ಇಡಿ.

ಈ ಬೆಂಚಿನವರೆಲ್ಲ ಒಂದು ಸೀಟು ಬಲಕ್ಕೆ ಸರಿದಿರಿ ಅನ್ನಿ. ಎಡತುದಿ ಖಾಲಿ. ಅಲ್ಲಿಗೆ ಯಾರು ಬರುತ್ತಾರೆ? ಸೊನ್ನೆಯಾ, ಸಂಖ್ಯೆ ನೆಗೆಟಿವ್ ಹೌದೋ ಅಲ್ಲವೋ ಹೇಳುವ ಎಡತುದಿಯ ಸೈನ್ ಬಿಟ್‌ನ ನಕಲಾ? ಶಿಫ್ಟ್ ಕಂಡಾಗೆಲ್ಲ ನಾನು ಕೇಳುವುದು ಇದೊಂದೇ.

ಸಿ ಭಾಷೆಯಲ್ಲಿ ಟೈಪ್, ಅಂದರೆ ಸಂಖ್ಯೆಯ ಬಗೆ, ನೋಡಬೇಕು. ಅನ್‌ಸೈನ್ಡ್, ಅಂದರೆ ನೆಗೆಟಿವ್ ಇಲ್ಲದ ಟೈಪ್, ಆದರೆ ಸೊನ್ನೆ ಖಚಿತ. ನೆಗೆಟಿವ್ ಸಂಖ್ಯೆ ಆದರೆ ಕಂಪೈಲರ್‌ಗೆ ಬಿಟ್ಟದ್ದು. ಗೋ, ರಸ್ಟ್ ಭಾಷೆಗಳು ಕೂಡ ಟೈಪನ್ನೇ ನೋಡುತ್ತವೆ, ಆದರೆ ಅಲ್ಲಿ ಈ ಅನುಮಾನವಿಲ್ಲ. ಸಿ ಶಾರ್ಪ್‌ಗೆ >>> ಬಂದದ್ದು 2022ರಲ್ಲಿ.

ಪೈಥಾನ್ ನನಗೆ ಬಹಳ ಇಷ್ಟ. ಅಲ್ಲಿ ಪೂರ್ಣಾಂಕಕ್ಕೆ ಅಗಲದ ಮಿತಿಯೇ ಇಲ್ಲ. ಬೆಂಚಿಗೆ ಎಡತುದಿಯೇ ಇಲ್ಲ ಅಂದಮೇಲೆ ಸೊನ್ನೆ ಎಲ್ಲಿ ಕೂರಬೇಕು? -1ನ್ನು ಎಷ್ಟು ಬಲಕ್ಕೆ ಸರಿಸಿದರೂ -1. ‘ನನಗೆ 32 ಬಿಟ್ ಸಾಕು’ ಅಂತ ಮಾಸ್ಕ್ ಹಾಕಿ, ಅಂದರೆ ಬೇಕಾದ ಬಿಟ್ ಮಾತ್ರ ಉಳಿಸಿ, ನಾವೇ ತುದಿ ಮಾಡಿಕೊಡಬೇಕು.

>>>ನಿಂದ ಉಪಕಾರವೂ ಆಗಿದೆ. ಜಾವಾದಲ್ಲಿ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್‌ನಲ್ಲಿ ನಡುವಿನ ಜಾಗ ತಿಳಿಯಲು ಎರಡು ತುದಿ ಕೂಡಿಸಿ 2ರಿಂದ ಭಾಗಿಸುತ್ತಿದ್ದರು. ಮೊತ್ತ 32 ಬಿಟ್‌ನ ಮಿತಿಯಾದ 2147483647 ದಾಟಿದರೆ ನೆಗೆಟಿವ್. ವರ್ಷಗಟ್ಟಲೆ ಅಡಗಿದ್ದ ಈ ತಪ್ಪನ್ನು 2006ರಲ್ಲಿ ಜಾವಾ ಪ್ರೋಗ್ರಾಮರ್ ಜೋಶುವಾ ಬ್ಲಾಕ್ ಬರೆದು ತಿಳಿಸಿದರು. ಭಾಗಾಕಾರದ ಬದಲು >>> 1 ಹಾಕಿದರೆ ಸಾಕಿತ್ತು.

ಟೈಮ್ ಆಯ್ತು ಅಂತ ಚೀಟಿ ಬಂತು. ಜಾವಾಸ್ಕ್ರಿಪ್ಟ್ ಒಂದೇ ಮಾತಿನಲ್ಲಿ: -1 >>> 0 ಅಂದರೆ 4294967295, ಅಗಲದ ಮಿತಿಯಿಲ್ಲದ ಪೂರ್ಣಾಂಕವಾದ ಬಿಗ್‌ಇಂಟ್‌ಗೆ ಮಾತ್ರ >>> ಇಲ್ಲ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿದ್ದೀರಿ. ಹೇಳಿ.