ನಾಳೆ ಯಾವ ನಾಣ್ಯಕ್ಕೆ ಬೇಡಿಕೆ?

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹಳೆಯ ನಾಣ್ಯಗಳ ಸಂಗ್ರಾಹಕನೆಂದು ತಿಳಿದ ಕೂಡಲೇ ಮುಂಬಯಿಯ ನಮ್ಮ ಕನ್ನಡ ಬಂಧುಗಳು, ಅದರಲ್ಲೂ ಹೋಟೆಲಿನ ಗಲ್ಲಾದಲ್ಲಿ ಕುಳಿತು ದಿನವಿಡೀ ಚಿಲ್ಲರೆ ಎಣಿಸುವವರು, ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಯಾವ ನಾಣ್ಯವನ್ನು ಎತ್ತಿಟ್ಟರೆ ಮುಂದೆ ಬೆಲೆ ಬರುತ್ತದೆ? ನನ್ನ ಉತ್ತರವೂ ಪ್ರತಿ ಸಲ ಒಂದೇ. ನಾಣ್ಯ ಎಷ್ಟು ಹಳೆಯದೆಂದು ನೋಡಬೇಡಿ. ಅದನ್ನು ಹುಡುಕಿಕೊಂಡು ಬರುವವರು ಯಾರೆಂದು ನೋಡಿ.

ಹಳೆಯದಕ್ಕೆಲ್ಲ ಬೆಲೆಯಿದೆ ಎಂಬ ನಂಬಿಕೆ ನಮ್ಮವರಲ್ಲಿ ಬಹಳ ಆಳವಾಗಿ ಬೇರೂರಿದೆ. ಕುಷಾಣರ ತಾಮ್ರದ ನಾಣ್ಯಗಳಿಗೆ ಸಾವಿರದ ಐನೂರು ವರ್ಷ ದಾಟಿದೆ. ಆದರೂ ಅವು ಹೇರಳವಾಗಿ ದೊರೆತಿರುವುದರಿಂದ ಸವೆದ ನಾಣ್ಯವೊಂದನ್ನು ಇಂದಿಗೂ ಕೆಲವೇ ನೂರು ರೂಪಾಯಿಗೆ ಕೊಳ್ಳಬಹುದು. ಇದಕ್ಕೆ ತದ್ವಿರುದ್ಧವಾಗಿ ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿಗೆ ಇನ್ನೂ ನೂರು ವರ್ಷ ತುಂಬಿಲ್ಲ, ಆದರೆ ಅದು ಹರಾಜಿಗೆ ಬಂದರೆ ಪೈಪೋಟಿ ನಡೆಯುತ್ತದೆ. ಆ ದೊರೆಯ ರೂಪಾಯಿಗಳನ್ನು ಇಸವಿವಾರು ಜೋಡಿಸುವ ಪ್ರತಿಯೊಬ್ಬ ಸಂಗ್ರಾಹಕನ ಆಲ್ಬಮಿನಲ್ಲಿಯೂ ಖಾಲಿ ಉಳಿಯುವ ಜಾಗ ಅದೊಂದೇ. ಆ ಜಾಗ ತುಂಬುವವರೆಗೆ ಅವನಿಗೆ ಸಮಾಧಾನವಿಲ್ಲ. ಹುಡುಕುವವರು ಅಷ್ಟೊಂದು ಮಂದಿ ಇರುವುದರಿಂದಲೇ ಅದರ ನಕಲಿಗಳೂ ಹುಟ್ಟಿಕೊಂಡಿವೆ.

ಇದಕ್ಕಿಂತ ಚೆನ್ನಾಗಿ ಈ ಮಾತನ್ನು ನನಗೆ ಮನದಟ್ಟು ಮಾಡಿಸಿದವರು ಮಾಟುಂಗದಲ್ಲಿರುವ, ಮೈಸೂರು ಕಡೆಯ ಒಬ್ಬ ಹಿರಿಯ ತಾಯಿ. ವರಮಹಾಲಕ್ಷ್ಮಿ ವ್ರತ ಹತ್ತಿರವಾಗಿತ್ತು. ಹೊಸದಾಗಿ ಮನೆಗೆ ಬಂದ ಸೊಸೆಯ ಕೈಯಿಂದ ಪೂಜೆ ಮಾಡಿಸಲು ಅವರಿಗೆ ಕಮಲದ ಚಿತ್ರವಿರುವ ಇಪ್ಪತ್ತು ಪೈಸೆಯ 108 ನಾಣ್ಯಗಳು ಬೇಕಾಗಿದ್ದವು. ನಾನು ಅವರನ್ನು ಫೋರ್ಟಿನಲ್ಲಿ ಫುಟ್‌ಪಾತಿನ ಮೇಲೆ ನಾಣ್ಯ ಮಾರುವ ಪರಿಚಿತ ವ್ಯಾಪಾರಿಯ ಬಳಿಗೆ ಕರೆದುಕೊಂಡು ಹೋದೆ. ಅವನು ಬಟ್ಟೆಯ ಚೀಲವನ್ನು ಬಿಚ್ಚಿ ಹಳದಿ ನಾಣ್ಯಗಳನ್ನು ಸುರಿದ. ತಾಯಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ, ಕಮಲದ ಎಸಳುಗಳ ಮೇಲೆ ಹೆಬ್ಬೆರಳು ಸವರಿ, ಎಸಳು ಸವೆದಿದ್ದರೆ ಎಡಕ್ಕೂ ಸರಿಯಾಗಿದ್ದರೆ ಬಲಕ್ಕೂ ಇಡುತ್ತಾ ಹೋದರು. ರಾಶಿಯಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಗೆಂದು 1969ರಲ್ಲಿ ಹೊರತಂದ ಇಪ್ಪತ್ತು ಪೈಸೆಗಳೂ ಸೇರಿಕೊಂಡಿದ್ದವು. ಅವನ್ನು ಮಾತ್ರ ಅವರು ನೋಡಿದ ತಕ್ಷಣ ಎಡಕ್ಕೆ ಸರಿಸಿದರು. "ಆಜಿ, ಬಣ್ಣವೂ ಅದೇ, ಇಪ್ಪತ್ತು ಪೈಸೆಯೂ ಅದೇ, ತೆಗೆದುಕೊಳ್ಳಿ" ಎಂದು ವ್ಯಾಪಾರಿ ಮರಾಠಿಯಲ್ಲಿ ಒತ್ತಾಯಿಸಿದ. ಅವರು ನನ್ನ ಕಡೆ ತಿರುಗಿ, "ಅಷ್ಟೋತ್ತರದಲ್ಲಿ ಒಂದೊಂದು ನಾಮಕ್ಕೂ ಒಂದೊಂದು ಏರಿಸಬೇಕು ಕಣಪ್ಪ, ಅಮ್ಮನವರಿಗೆ ತಾವರೆಯೇ ಆಗಬೇಕು ಅಂತ ಇವನಿಗೆ ಹೇಳು" ಎಂದರು. ಸಂಖ್ಯೆ ಭರ್ತಿಯಾಗಲಿಲ್ಲ. ಉಳಿದವುಗಳಿಗಾಗಿ ಅವರು ಮುಂಗಡ ಕೊಟ್ಟು ಬಂದರು.

ಈಗ ಯೋಚಿಸಿ. ಕಮಲದ ಇಪ್ಪತ್ತು ಪೈಸೆ 1968ರಿಂದ 1971ರವರೆಗೆ ಅಪಾರ ಸಂಖ್ಯೆಯಲ್ಲಿ ಟಂಕವಾದ ನಾಣ್ಯ. ಅದು ಅಪರೂಪವೂ ಅಲ್ಲ, ಪ್ರಾಚೀನವೂ ಅಲ್ಲ. 2011ರ ಜೂನ್ ಕೊನೆಗೆ ಇಪ್ಪತ್ತೈದು ಪೈಸೆ ಹಾಗೂ ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯನ್ನೇ ಸರಕಾರ ನಿಲ್ಲಿಸಿತು, ಎಂದರೆ ಅದಕ್ಕೆ ಮುಖಬೆಲೆಯೂ ಉಳಿಯಲಿಲ್ಲ. ಆದರೂ ಅದನ್ನು ಕೇಳಿಕೊಂಡು ಬರುವವರಿದ್ದಾರೆ, ಮತ್ತು ಹೀಗೆ ಕೊಂಡವರು ಅದನ್ನು ದೇವರ ಪೆಟ್ಟಿಗೆಯಲ್ಲಿ ಇಡುತ್ತಾರೆಯೇ ಹೊರತು ಮರಳಿ ಮಾರುವುದಿಲ್ಲ. ಪ್ರತಿ ಶ್ರಾವಣದಲ್ಲಿಯೂ ಮಾರುಕಟ್ಟೆಯಿಂದ ಒಂದಿಷ್ಟು ಕಮಲಗಳು ಶಾಶ್ವತವಾಗಿ ಹೊರಗೆ ಹೋಗುತ್ತವೆ. ಕೊಂಡವನು ಮಾರದ ನಾಣ್ಯಕ್ಕೆ ಬೇಡಿಕೆ ಏರದೆ ಇರಲು ಸಾಧ್ಯವೇ ಇಲ್ಲ.

ಇದೇ ಕಾರಣಕ್ಕೆ, ಟಂಕಸಾಲೆಗಳು ಸಂಗ್ರಾಹಕರಿಗೆಂದೇ ಅಂದದ ಪೆಟ್ಟಿಗೆಯಲ್ಲಿಟ್ಟು ಮಾರುವ ಸ್ಮರಣಾರ್ಥ ನಾಣ್ಯಗಳಲ್ಲಿ ನನಗೆ ಹೆಚ್ಚಿನ ಭರವಸೆಯಿಲ್ಲ. ಅವನ್ನು ಕೊಂಡವರೆಲ್ಲರೂ ಮುಂದೆ ಮಾರುವ ಆಸೆಯಿಂದಲೇ ಕೊಂಡಿರುತ್ತಾರೆ. ಒಂದೂ ಕಳೆದುಹೋಗುವುದಿಲ್ಲ, ಒಂದೂ ಸವೆಯುವುದಿಲ್ಲ. ಅದಕ್ಕಿಂತ ಘೇಂಡಾಮೃಗದ ಚಿತ್ರವಿರುವ ಉಕ್ಕಿನ ಇಪ್ಪತ್ತೈದು ಪೈಸೆಯನ್ನು ಗಮನಿಸಿ. ಅದನ್ನು ಕೊಟ್ಟು ಪೆಪ್ಪರಮೆಂಟು ಕೊಂಡ ಮಕ್ಕಳು ಇಂದು ಕೈತುಂಬ ಸಂಪಾದಿಸುವ ವಯಸ್ಸಿಗೆ ಬಂದಿದ್ದಾರೆ. ತಮ್ಮ ಬಾಲ್ಯದ ನಾಣ್ಯವನ್ನು ಹೊಸ ಹೊಳಪಿನೊಂದಿಗೆ ಮತ್ತೆ ನೋಡಬೇಕೆಂದು ಅವರೇ ನಾಳೆ ಹುಡುಕಿಕೊಂಡು ಬರುತ್ತಾರೆ.

ಗೋವೆಯ ನಾಣ್ಯಗಳ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಸಮಯ ಕಡಿಮೆಯಿದೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಗೋವೆಯಲ್ಲಿ ನಾಣ್ಯ ಟಂಕಿಸಿದಂದಿನಿಂದ 1961ರವರೆಗೆ ಪೋರ್ಚುಗೀಸ್ ಭಾರತದ ನಾಣ್ಯಗಳ ಪರಂಪರೆ ನಡೆಯಿತು. ಇವನ್ನು ಹುಡುಕುವವರು ಗೋವೆಯಲ್ಲಿಯೂ ಇದ್ದಾರೆ, ಪೋರ್ಚುಗಲ್‌ನಲ್ಲಿಯೂ ಇದ್ದಾರೆ. ಆದರೆ 1972ರ ಪುರಾತತ್ವ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ವ್ಯಾಪಾರಕ್ಕಾಗಿ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಆದುದರಿಂದ ನನ್ನ ಒಲವು ಪೋರ್ಚುಗೀಸ್ ಆಡಳಿತದ ಕೊನೆಯ ದಿನಗಳ ರೂಪಿಯಾ ನಾಣ್ಯಗಳ ಮತ್ತು ಅವುಗಳ ಬದಲಿಗೆ 1958ರಿಂದ ಬಂದ ಎಸ್ಕುದೊ ನಾಣ್ಯಗಳ ಕಡೆಗೆ. ಪುಣೆಯವರು ಶಿವಾಜಿಯ ಕಾಲದಿಂದ ಬಂದ ಶಿವರಾಯಿ ಎಂಬ ತಾಮ್ರದ ನಾಣ್ಯವನ್ನು ಎಷ್ಟು ಅಭಿಮಾನದಿಂದ ಕೊಳ್ಳುತ್ತಾರೆಂಬುದನ್ನೂ ಒಮ್ಮೆ ಹೋಗಿ ನೋಡಿ ಬನ್ನಿ.

ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂಬ ವೀಡಿಯೊಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ. ಅದು 2012ರಲ್ಲಿ ಧಾರಾಳವಾಗಿ ಹೊರಬಂದ ನಾಣ್ಯ. ಗಲ್ಲಾದಲ್ಲಿ ಇಂದಿಗೂ ಸಿಗುತ್ತದೆ. ಮೊದಲು ಶುಲ್ಕ ಕಟ್ಟಿ ಎಂದು ತನ್ನ ಹೆಸರಿನಲ್ಲಿ ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ನೀಡಿದೆ. ಹುಡುಕಿಕೊಂಡು ಬರುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ.

ಇನ್ನು, ಎತ್ತಿಟ್ಟ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಉಜ್ಜಿದ ಗೀರುಗಳನ್ನು ಬಲ್ಲವರು ಭೂತಗನ್ನಡಿಯಲ್ಲಿ ಒಂದು ಕ್ಷಣದಲ್ಲಿ ಗುರುತಿಸಿ ಕೆಳಗಿಡುತ್ತಾರೆ. ಅಂಚಿನಲ್ಲಿ ಹಿಡಿಯಿರಿ, ಒಣಗಿದ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಇಡಿ, ಇಸವಿಯನ್ನೂ ಅದರ ಕೆಳಗಿನ ಟಂಕಸಾಲೆಯ ಗುರುತನ್ನೂ ಲಕೋಟೆಯ ಮೇಲೆ ಬರೆಯಿರಿ; ಮುಂಬಯಿಯದು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, ನೋಯ್ಡಾದ್ದು ಚುಕ್ಕೆ, ಕೋಲ್ಕತ್ತಾಕ್ಕೆ ಗುರುತೇ ಇಲ್ಲ. ಕೊಳ್ಳಲು ಬಂದವರು ಮೊದಲು ಕೇಳುವುದು ಅದನ್ನೇ. ನಮಸ್ಕಾರ.